ನಮ್ಮೂರಿನ ಟಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಳ್ಳಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಅಂತ ಹೇಳುವವರು ಕಮ್ಮಿ. ಎಲ್ಲರೂ ಟಿಸಿ ಅಂತಾರೆ. "ಟಿಸಿ ಹೋಯ್ತು" ಅಂದರೆ ಸಾಕು, ಟೊಮೆಟೊ ತೋಟದಲ್ಲಿರುವವರಿಗೂ ರೇಷ್ಮೆ ಹುಳು ಸಾಕುವವರಿಗೂ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ನಾನು ಹದಿನೆಂಟು ವರ್ಷದಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ರಿಪೇರಿ ಶೆಡ್ಡಿನಲ್ಲಿದ್ದೇನೆ. ಸುಟ್ಟ ಟಿಸಿ ಬಿಚ್ಚುವುದು, ಕಾಯಿಲ್ ಹೊಸದಾಗಿ ಸುತ್ತುವುದು, ಪರೀಕ್ಷೆ ಮಾಡಿ ಕಳಿಸುವುದು ನನ್ನ ಕೆಲಸ. ಟಿಸಿ ತಂದ ಟ್ರ್ಯಾಕ್ಟರ್ ಜೊತೆ ಬರುವ ರೈತರು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳೇ ಇಲ್ಲಿವೆ.

ಟಿಸಿ ಒಳಗೆ ಏನಿರುತ್ತೆ?

ಮೂರೇ ಮುಖ್ಯ ವಸ್ತು: ಕಬ್ಬಿಣ, ತಂತಿ, ಎಣ್ಣೆ. ನಡುವೆ ಕಾಗದ ಮತ್ತು ರಟ್ಟು.

ಕಬ್ಬಿಣದ ಚೌಕಟ್ಟಿಗೆ ಕೋರ್ ಅನ್ನುತ್ತೇವೆ. ಅದಕ್ಕೆ ಮೂರು ಕಾಲು. ಒಂದೊಂದು ಕಾಲಿಗೂ ಎರಡೆರಡು ಕಾಯಿಲ್. ಒಳಗಡೆ ಎಲ್‌ಟಿ, ಅಂದರೆ ಮನೆಗೂ ಮೋಟರಿಗೂ ಹೋಗುವ ಕಡೆಯದು. ತಂತಿ ದಪ್ಪ, ಸುತ್ತು ಕಮ್ಮಿ. ಅದರ ಹೊರಗೆ ಹೆಚ್‌ಟಿ, ಅಂದರೆ 11 ಸಾವಿರ ವೋಲ್ಟ್ ಬರುವ ಕಡೆಯದು. ತಂತಿ ಸಣ್ಣ, ಸುತ್ತು ಸಾವಿರಗಟ್ಟಲೆ. ಎರಡಕ್ಕೂ ಒಂದಕ್ಕೊಂದು ತಾಗುವ ತಂತಿಯೇ ಇಲ್ಲ. ಹೆಚ್‌ಟಿ ಕಾಯಿಲಿನ ಕರೆಂಟು ಕೋರಿನಲ್ಲಿ ಕಾಂತಶಕ್ತಿ ಹುಟ್ಟಿಸುತ್ತದೆ. ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತಿರುಗುತ್ತದೆ. ಆ ತಿರುಗುವಿಕೆಯೇ ಎಲ್‌ಟಿ ಕಾಯಿಲಿನಲ್ಲಿ ಕರೆಂಟು ಹುಟ್ಟಿಸುತ್ತದೆ. ಓಡುವ ಭಾಗ ಒಂದೂ ಇಲ್ಲ. ಸವೆಯುವ ಬೇರಿಂಗ್ ಇಲ್ಲ. ಸರಿಯಾಗಿ ನೋಡಿಕೊಂಡರೆ ಇಪ್ಪತ್ತೈದು ವರ್ಷ ಆರಾಮಾಗಿ ಬಾಳುವ ಯಂತ್ರ ಇದು. ನಮ್ಮ ಕಡೆ ಎರಡು ಮೂರು ವರ್ಷಕ್ಕೇ ಶೆಡ್ಡಿಗೆ ಬರುತ್ತದಲ್ಲ, ಅದೇ ನನಗೆ ಬೇಸರ.

ಹನ್ನೊಂದು ಸಾವಿರ ವೋಲ್ಟ್ ಯಾಕೆ ಬೇಕು? ನೇರವಾಗಿ 230 ವೋಲ್ಟನ್ನೇ ಕಳಿಸಬಾರದಾ?

ಕಳಿಸಿದರೆ ದಾರಿಯಲ್ಲೇ ಮುಗಿದುಹೋಗುತ್ತದೆ. ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ಬಿಸಿಯಾಗಿ ಹಾಳಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. 11 ಸಾವಿರದ ಬದಲು ಟಿಸಿಯಿಂದ ಹೊರಬರುವ 433 ವೋಲ್ಟಿನಲ್ಲೇ (ಇದು ಎರಡು ಫೇಸಿನ ನಡುವಿನದು, ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 250) ಅಷ್ಟು ಶಕ್ತಿ ಸಾಗಿಸಲು ಹೋದರೆ ಕರೆಂಟು 25 ಪಟ್ಟಾಗುತ್ತದೆ. ಅದೇ ತಂತಿಯಲ್ಲಿ ನಷ್ಟ 600 ಪಟ್ಟಿಗೂ ಜಾಸ್ತಿ.

ಈ ಲೆಕ್ಕವನ್ನು ಇಡೀ ದೇಶದಲ್ಲೇ ಮೊದಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ನಮ್ಮ ಕೋಲಾರದ ಚಿನ್ನದ ಗಣಿಗಾಗಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರ ಸಾಗಿಸಲು ಅಲ್ಲಿ ವೋಲ್ಟೇಜ್ ಏರಿಸಬೇಕು, ಇಲ್ಲಿ ಇಳಿಸಬೇಕು. ಎರಡೂ ಟ್ರಾನ್ಸ್‌ಫಾರ್ಮರ್ ಕೆಲಸವೇ. ಅದು ನಮ್ಮ ಕಡೆಯ ಕಥೆ ಅಂತ ಮಕ್ಕಳಿಗೆ ಹೇಳುವಾಗ ನನಗೆ ಈಗಲೂ ಹೆಮ್ಮೆ.

ಪಾವಗಡದ ಸೋಲಾರ್ ಪಾರ್ಕಿನಲ್ಲೂ ಟ್ರಾನ್ಸ್‌ಫಾರ್ಮರ್ ಇದೆಯಾ?

ಇದೆ, ಆದರೆ ಅಲ್ಲಿ ಕೆಲಸ ಉಲ್ಟಾ. ನಮ್ಮೂರ ಟಿಸಿ ಇಳಿಸುತ್ತದೆ, ಅಲ್ಲಿನವು ಏರಿಸುತ್ತವೆ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಆ ಪಾರ್ಕ್ ಸುಮಾರು 13 ಸಾವಿರ ಎಕರೆ, 2050 ಮೆಗಾವ್ಯಾಟ್. ಸೋಲಾರ್ ಹಲಗೆಯಿಂದ ಬರುವುದು ಡಿಸಿ ಕರೆಂಟು. ಅದು ಒಂದೇ ದಿಕ್ಕಿಗೆ ಹರಿಯುತ್ತದೆ, ತಿರುಗುವುದಿಲ್ಲ. ತಿರುಗದಿದ್ದರೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೇ ಇಲ್ಲ. ಹಾಗಾಗಿ ಮೊದಲು ಇನ್ವರ್ಟರ್ ಅದನ್ನು ಹಿಂದೆ ಮುಂದೆ ತಿರುಗುವ ಎಸಿ ಕರೆಂಟು ಮಾಡುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಹಂತ ಹಂತವಾಗಿ ವೋಲ್ಟೇಜ್ ಏರಿಸಿ ದೊಡ್ಡ ಲೈನಿಗೆ ಕೊಡುತ್ತದೆ.

ಕೋಲಾರದಲ್ಲೂ ಇಂಥ ವಿಶೇಷ ಇದೆ. ಒಡಿಶಾದ ತಾಲ್ಚೇರಿನಿಂದ ಐದು ಲಕ್ಷ ವೋಲ್ಟಿನ ಡಿಸಿ ಲೈನ್ ಬಂದು ಮುಗಿಯುವುದು ಕೋಲಾರದ ಬಳಿ. 2003ರಿಂದ ಓಡುತ್ತಿದೆ. ಅಲ್ಲಿ ಡಿಸಿಯನ್ನು ಎಸಿ ಮಾಡುವ ಯಂತ್ರಗಳ ಜೊತೆ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರುಗಳಿವೆ.

ಹೊಸ ಟಿಸಿ ಹೇಗೆ ಮಾಡುತ್ತಾರೆ?

ಇದನ್ನು ಹೇಳಲು ನನಗೆ ಇಷ್ಟ, ಸ್ವಲ್ಪ ಉದ್ದವಾದರೂ ಓದಿ.

ಮೊದಲು ಕೋರ್. ಕಬ್ಬಿಣದ ಗಟ್ಟಿ ದಿಮ್ಮಿ ಹಾಕುವ ಹಾಗಿಲ್ಲ. ಹಾಕಿದರೆ ಅದರೊಳಗೇ ಕರೆಂಟು ಸುತ್ತಾಡಿ ಕೆಂಡವಾಗುತ್ತದೆ. ಅದಕ್ಕೆ ಸಿಲಿಕಾನ್ ಬೆರೆಸಿದ ಉಕ್ಕಿನ ತೆಳು ತಗಡು ಬಳಸುತ್ತಾರೆ. ದಪ್ಪ 0.23ರಿಂದ 0.30 ಮಿಲಿಮೀಟರ್. ಕಾಂತಶಕ್ತಿ ಒಂದು ದಿಕ್ಕಿನಲ್ಲಿ ಸಲೀಸಾಗಿ ಹರಿಯುವ ಹಾಗೆ ಕಾರ್ಖಾನೆಯಲ್ಲೇ ಹದ ಮಾಡಿರುತ್ತಾರೆ. ಮರಕ್ಕೆ ಎಳೆ ಇರುತ್ತದಲ್ಲ, ಹಾಗೆ. ಮೂಲೆಯಲ್ಲಿ ಎಳೆ ಅಡ್ಡ ಬರಬಾರದು ಅಂತ ತಗಡನ್ನು 45 ಡಿಗ್ರಿ ಓರೆ ಕತ್ತರಿಸಿ ಜೋಡಿಸುತ್ತಾರೆ. ಒಂದೊಂದು ತಗಡಿಗೂ ಕರೆಂಟು ದಾಟದ ಲೇಪನ. ಜೋಡಿಸುವವರ ಕೈ ಒರಟಾದರೆ, ತಗಡನ್ನು ಬಗ್ಗಿಸಿದರೆ, ಸುತ್ತಿಗೆಯಲ್ಲಿ ಬಡಿದರೆ, ಆ ಹದ ಕೆಡುತ್ತದೆ. ಆಮೇಲೆ ಆ ಟಿಸಿ ಬದುಕಿರುವಷ್ಟು ಕಾಲ ಸುಮ್ನೆ ನಿಂತರೂ ಜಾಸ್ತಿ ಕರೆಂಟು ತಿನ್ನುತ್ತದೆ.

ಆಮೇಲೆ ಕಾಯಿಲ್. ಸಣ್ಣ ಟಿಸಿಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ತಂತಿ, ದೊಡ್ಡವಕ್ಕೆ ತಾಮ್ರ. ನಮ್ಮ ಕಡೆಯ ಟಿಸಿಯಲ್ಲಿ ಒಂದು ಕಾಲಿನ ಹೆಚ್‌ಟಿ ಕಾಯಿಲಿಗೆ 11 ಸಾವಿರ ವೋಲ್ಟ್, ಎಲ್‌ಟಿ ಕಾಯಿಲಿನಲ್ಲಿ 250 ವೋಲ್ಟ್. ಅಂದರೆ 44ಕ್ಕೆ 1. ಎಲ್‌ಟಿಗೆ 80 ಸುತ್ತು ಹಾಕಿದರೆ ಹೆಚ್‌ಟಿಗೆ 3520 ಸುತ್ತು ಬೇಕು. ಒಂದು ಸುತ್ತು ಹೆಚ್ಚು ಕಮ್ಮಿಯಾದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ನಮ್ಮ ಶೆಡ್ಡಿನಲ್ಲಿ ಸುತ್ತುವ ಹೆಣ್ಣುಮಕ್ಕಳು ಎಣಿಕೆ ಯಂತ್ರ ಇದ್ದರೂ ಬಾಯಲ್ಲಿ ಲೆಕ್ಕ ಹಾಕುತ್ತಾರೆ. ಆಗ ಯಾರೂ ಅವರನ್ನು ಮಾತಾಡಿಸುವ ಹಾಗಿಲ್ಲ. ಪದರ ಪದರಕ್ಕೂ ಕಾಗದ ಇಡುತ್ತಾರೆ.

ಎಲ್‌ಟಿ ಒಳಗೆ, ಹೆಚ್‌ಟಿ ಹೊರಗೆ ಯಾಕೆ ಅಂತ ಹುಡುಗರು ಕೇಳುತ್ತಾರೆ. ಕೋರ್ ಅಂದರೆ ಭೂಮಿಗೆ ಸೇರಿದ ಕಬ್ಬಿಣ. ಅದರ ಪಕ್ಕ ಕಮ್ಮಿ ವೋಲ್ಟ್ ಇದ್ದರೆ ಸ್ವಲ್ಪ ರಟ್ಟು ಸಾಕು. 11 ಸಾವಿರ ಇಟ್ಟರೆ ತುಂಬಾ ದಪ್ಪ ಹೊದಿಕೆ ಬೇಕಾಗುತ್ತದೆ.

ಕಾಯಿಲನ್ನು ಕೋರಿಗೆ ಇಳಿಸಿ, ತುದಿಗಳನ್ನು ಜೋಡಿಸಿದ ಮೇಲೆ ಒಲೆಗೆ ಹಾಕುತ್ತೇವೆ. ದೊಡ್ಡ ಬಿಸಿಗಾಳಿ ಕೋಣೆ ಅದು, ನೂರು ಡಿಗ್ರಿ ಆಸುಪಾಸು ಶಾಖ. ಕಾಗದದಲ್ಲಿರುವ ತೇವ ಎಲ್ಲಾ ಹೋಗಬೇಕು. ಹಪ್ಪಳ ಒಣಗಿಸಿದ ಹಾಗೆ, ಅರ್ಧ ಒಣಗಿದರೆ ಆಗಲ್ಲ. ತೇವ ಹೋಗಿದೆಯಾ ಅಂತ ಮೆಗ್ಗರ್ (ಹೊದಿಕೆಯ ತಡೆ ಅಳೆಯುವ ಮೀಟರ್) ಹಾಕಿ ನೋಡುತ್ತೇವೆ. ಒಲೆಯಿಂದ ತೆಗೆದ ಮೇಲೆ ತಡ ಮಾಡದೆ ತೊಟ್ಟಿಗೆ ಇಳಿಸಿ, ಶುದ್ಧ ಮಾಡಿದ ಎಣ್ಣೆ ತುಂಬಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಹೊರಗೆ ಬಿಟ್ಟರೂ ಗಾಳಿಯ ತೇವ ಮತ್ತೆ ಹೀರಿಕೊಂಡುಬಿಡುತ್ತದೆ.

ಪರೀಕ್ಷೆ ಅಂದರೆ ಏನೇನು ಮಾಡುತ್ತಾರೆ?

ಸುತ್ತಿನ ಲೆಕ್ಕ ಸರಿಯಿದೆಯಾ, ತಂತಿಯ ತಡೆ ಎಷ್ಟು, ಲೋಡ್ ಇಲ್ಲದಾಗ ಎಷ್ಟು ನಷ್ಟ, ಪೂರ್ತಿ ಲೋಡಿನಲ್ಲಿ ಎಷ್ಟು ನಷ್ಟ. ಇವೆಲ್ಲಾ ಆದ ಮೇಲೆ ಎರಡು ಕಠಿಣ ಪರೀಕ್ಷೆ. ಹೆಚ್‌ಟಿ ಕಡೆಗೆ 28 ಸಾವಿರ ವೋಲ್ಟ್ ಕೊಟ್ಟು ಒಂದು ನಿಮಿಷ ನಿಲ್ಲಿಸುತ್ತೇವೆ. ಆ ಒಂದು ನಿಮಿಷ ಶೆಡ್ಡಿನಲ್ಲಿ ಯಾರೂ ಉಸಿರು ಬಿಡುವುದಿಲ್ಲ. ಇನ್ನೊಂದು, ಸುತ್ತು ಸುತ್ತಿನ ನಡುವಿನ ಹೊದಿಕೆ ನೋಡಲು ಎರಡರಷ್ಟು ವೋಲ್ಟೇಜ್. ಅದನ್ನು 50 ಹರ್ಟ್ಸ್‌ನಲ್ಲಿ ಕೊಟ್ಟರೆ ಕೋರ್ ತಡೆಯಲ್ಲ, ಆದ್ದರಿಂದ ಆವರ್ತನವನ್ನೂ, ಅಂದರೆ ಸೆಕೆಂಡಿಗೆ ಎಷ್ಟು ಸಲ ತಿರುಗುತ್ತದೋ ಅದನ್ನೂ, ಎರಡರಷ್ಟು ಮಾಡುತ್ತಾರೆ.

ಹೊಸ ಮಾದರಿಯ ಟಿಸಿಯನ್ನು ಸಿಡಿಲಿನ ಹೊಡೆತಕ್ಕೂ ಶಾರ್ಟ್ ಸರ್ಕ್ಯೂಟಿನ ಹೊಡೆತಕ್ಕೂ ಪರೀಕ್ಷಿಸಬೇಕು. ಅಂಥ ಪರೀಕ್ಷೆ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐನಲ್ಲಿ ಆಗುತ್ತದೆ. ಟಿಸಿ ಹೇಗಿರಬೇಕು ಅನ್ನುವ ಭಾರತೀಯ ಮಾನಕದ ನಂಬರ್ ಐಎಸ್ 1180. ಫ್ರಿಜ್ಜಿಗೆ ಇರುವ ಹಾಗೆ ಟಿಸಿಗೂ ನಕ್ಷತ್ರದ ಗುರುತು ಇದೆ. ಎಷ್ಟು ನಕ್ಷತ್ರ ಜಾಸ್ತಿಯೋ ಅಷ್ಟು ನಷ್ಟ ಕಮ್ಮಿ.

25, 63, 100 ಅಂತ ಬರೆದಿರುತ್ತಾರಲ್ಲ, ಅದೇನು?

ಕೆವಿಎ. ಟಿಸಿಯ ತಾಕತ್ತು. 25 ಕೆವಿಎ ಟಿಸಿ ಒಂದೊಂದು ಫೇಸಿನಲ್ಲಿ ಸುಮಾರು 33 ಆಂಪ್ ಕೊಡಬಲ್ಲದು. 63ರದ್ದು 84 ಆಂಪ್, 100ರದ್ದು 133 ಆಂಪ್.

ರೈತರಿಗೆ ಸುಲಭದ ಲೆಕ್ಕ ಹೇಳುತ್ತೇನೆ. ಬೋರಿನ ಮೋಟರು ಒಂದು ಹೆಚ್‌ಪಿಗೆ ಒಂದೂಕಾಲು ಕೆವಿಎ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಆಗ 25 ಕೆವಿಎ ಟಿಸಿಗೆ 20 ಹೆಚ್‌ಪಿ, 63ಕ್ಕೆ 50 ಹೆಚ್‌ಪಿ, 100ಕ್ಕೆ 80 ಹೆಚ್‌ಪಿ. ಅದಕ್ಕಿಂತ ಮೇಲೆ ಹೋದರೆ ಟಿಸಿ ಸಾಲ ಮಾಡಿ ಬದುಕುತ್ತಿದೆ ಅಂತ ಅರ್ಥ.

ನಮ್ಮೂರ ಟಿಸಿ ವರ್ಷಕ್ಕೆ ಎರಡು ಸಲ ಸುಡುತ್ತೆ. ಕಳಪೆ ಟಿಸಿ ಕೊಟ್ಟಿದ್ದಾರಾ?

ಕೆಲವು ಸಲ ಹೌದು. ರಿಪೇರಿಯಲ್ಲಿ ಒಣಗಿಸದೆ, ಎಣ್ಣೆ ಶುದ್ಧ ಮಾಡದೆ ಕಳಿಸಿದ ಟಿಸಿಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ. ಅದು ರೈತನಿಗೆ ಮಾಡುವ ಅನ್ಯಾಯ, ಬೇರೆ ಮಾತಿಲ್ಲ. ಆದರೆ ಒಂದೇ ಜಾಗದಲ್ಲಿ ಮೇಲಿಂದ ಮೇಲೆ ಸುಡುತ್ತಿದ್ದರೆ ಟಿಸಿಯನ್ನು ಬೈಯುವ ಮೊದಲು ಬೋರುಗಳನ್ನು ಎಣಿಸಿ.

ಚಿಂತಾಮಣಿ ಕಡೆಯ ಒಂದು ಹಳ್ಳಿಯಿಂದ ಒಂದೇ ಬೇಸಿಗೆಯಲ್ಲಿ ಮೂರು ಸಲ 25 ಕೆವಿಎ ಟಿಸಿ ಬಂತು. ಮೂರನೇ ಸಲ ನಾನೇ ಟ್ರ್ಯಾಕ್ಟರ್ ಹತ್ತಿ ಊರಿಗೆ ಹೋದೆ. ವಿದ್ಯುತ್ ಕಂಪನಿ ಬೆಸ್ಕಾಂನ ಪುಸ್ತಕದಲ್ಲಿ ಇದ್ದದ್ದು ಮೂರು ಮೋಟರು: ಏಳೂವರೆಯವು ಎರಡು, ಐದರದು ಒಂದು. ಒಟ್ಟು 20 ಹೆಚ್‌ಪಿ. ಕಾಗದದಲ್ಲಿ ಎಲ್ಲಾ ಸರಿಯಿದೆ. ಹೊಲ ಸುತ್ತಿ ನೋಡಿದರೆ ಹನ್ನೆರಡೂವರೆಯವು ಎರಡು, ಹತ್ತರದು ಒಂದು, ಲೆಕ್ಕಕ್ಕೇ ಸಿಗದ ಏಳೂವರೆಯದು ಇನ್ನೊಂದು. 42.5 ಹೆಚ್‌ಪಿ. ಟಿಸಿಯ ತಾಕತ್ತಿನ ಎರಡು ಪಟ್ಟಿಗೂ ಜಾಸ್ತಿ.

ಅಲ್ಲಿ ಒಬ್ಬರು ಯಜಮಾನರು ಇದ್ದರು. ನನಗೆ ಅವರ ಮಾತು ಮರೆಯುವುದಿಲ್ಲ. "ನಾವೇನು ಆಸೆಗೆ ದೊಡ್ಡ ಮೋಟರು ಇಟ್ವಾ ಅಪ್ಪಾ? ನೀರು ಕೆಳಗೆ ಹೋಯ್ತು. ನಾವೂ ಅದರ ಹಿಂದೆ ಹೋದ್ವಿ."

ನಮ್ಮ ಕಡೆಯ ಟಿಸಿ ಕಥೆಯೆಲ್ಲಾ ಆ ಮಾತಿನಲ್ಲಿದೆ. ಮುನ್ನೂರು ಅಡಿಯಲ್ಲಿ ನೀರು ಸಿಗುವಾಗ ಐದು ಹೆಚ್‌ಪಿ ಸಾಕಿತ್ತು. ಸಾವಿರ ಅಡಿ ದಾಟಿದ ಬೋರಿಗೆ ಅದೇ ಮೋಟರು ನೀರು ಎತ್ತಲ್ಲ. ಕಂಬದ ಮೇಲಿನ ಟಿಸಿ ಮಾತ್ರ ಹಳೇ ಮುನ್ನೂರು ಅಡಿಯ ಲೆಕ್ಕದಲ್ಲೇ ಕೂತಿದೆ. ಯಾರೂ ಕಳ್ಳರಲ್ಲ, ಆದರೂ ಟಿಸಿ ಸುಡುತ್ತದೆ.

ದಾರಿ ಒಂದೇ. ಇರುವ ಮೋಟರನ್ನು ಇರುವ ಹಾಗೆ ಸೆಕ್ಷನ್ ಆಫೀಸಿನಲ್ಲಿ ಬರೆಸಿ. ಪಂಪ್‌ಸೆಟ್ಟಿಗೆ ಉಚಿತ ಕರೆಂಟು 10 ಹೆಚ್‌ಪಿವರೆಗೆ ಮಾತ್ರ ಅನ್ನುವ ಕಾರಣಕ್ಕೆ ಎಷ್ಟೋ ಜನ ನಿಜವಾದ ಹೆಚ್‌ಪಿ ಬರೆಸಲು ಹೆದರುತ್ತಾರೆ, ಗೊತ್ತು. ಆದರೆ ಪುಸ್ತಕದಲ್ಲಿ 20 ಹೆಚ್‌ಪಿ ಇರುವ ಜಾಗಕ್ಕೆ ಯಾವ ಇಂಜಿನಿಯರೂ 63 ಕೆವಿಎ ಮಂಜೂರು ಮಾಡಲಾರರು. ಆ ಹಳ್ಳಿಯವರು ಕೊನೆಗೆ ನಾಲ್ಕೂ ಮೋಟರು ಬರೆಸಿದರು, 63ರದ್ದು ಬಂತು. ಆಮೇಲೆ ಆ ಊರಿನ ಟಿಸಿಯನ್ನು ನಮ್ಮ ಶೆಡ್ಡಿನಲ್ಲಿ ನಾನು ನೋಡಿಲ್ಲ.

ಬಿಸಿಯಾದರೆ ಏನು, ಆಮೇಲೆ ತಣ್ಣಗಾಗುತ್ತಲ್ವಾ?

ಎಣ್ಣೆ ತಣ್ಣಗಾಗುತ್ತದೆ, ಕಾಗದ ವಾಪಸ್ ಬರುವುದಿಲ್ಲ. ಕಾಯಿಲಿನ ಕಾಗದಕ್ಕೆ ತಡೆಯುವ ಮಿತಿ ಇದೆ. ಅದಕ್ಕಿಂತ ಪ್ರತಿ 6 ಡಿಗ್ರಿ ಜಾಸ್ತಿಯಾದಾಗಲೂ ಅದರ ಆಯಸ್ಸು ಅರ್ಧವಾಗುತ್ತದೆ ಅಂತ ಲೆಕ್ಕ. ಮಿತಿಗಿಂತ 18 ಡಿಗ್ರಿ ಜಾಸ್ತಿ ಬಿಸಿಯಲ್ಲಿ ಓಡಿದ ಟಿಸಿ ಒಂದು ವರ್ಷಕ್ಕೆ ಎಂಟು ವರ್ಷ ಮುದುಕಾಗುತ್ತದೆ. ಹಳೇ ಟಿಸಿ ಬಿಚ್ಚಿದಾಗ ಕಾಗದ ಬೆರಳಿಗೆ ತಾಗಿದರೆ ಸಾಕು, ಒಣಗಿದ ಎಲೆ ಥರ ಪುಡಿಯಾಗುತ್ತದೆ. ಅಂಥದ್ದು ಸಣ್ಣ ಗಾಳಿಗೆ ಲೈನು ಲೈನಿಗೆ ತಾಗಿದರೂ ಹೋಗುತ್ತದೆ. ಜನ ಗಾಳಿಗೆ ಹೋಯ್ತು ಅಂತಾರೆ. ಹೋಗಿದ್ದು ಹಿಂದಿನ ಮೂರು ಬೇಸಿಗೆಯಲ್ಲಿ.

ಕರೆಂಟು ಬಂದ ಕೂಡಲೇ ಟಿಸಿ ಹೋಗುತ್ತೆ. ಯಾಕೆ?

ಆಟೋ ಸ್ಟಾರ್ಟರ್, ಅಂದರೆ ಕರೆಂಟು ಬಂದ ಕೂಡಲೇ ಮೋಟರನ್ನು ತಾನೇ ಶುರು ಮಾಡುವ ಪೆಟ್ಟಿಗೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ಇರುವುದು ದಿನಕ್ಕೆ ಏಳು ಗಂಟೆ. ಎಷ್ಟು ಹೊತ್ತಿಗೆ ಬರುತ್ತದೋ ಅಂತ ಎಲ್ಲರೂ ಆಟೋಗೆ ಹಾಕಿ ಮಲಗುತ್ತಾರೆ. 10 ಹೆಚ್‌ಪಿ ಮೋಟರು ಓಡುವಾಗ 17 ಆಂಪ್ ಆಸುಪಾಸು ಎಳೆಯುತ್ತದೆ. ನೇರವಾಗಿ ಶುರುವಾಗುವ ಆ ಕೆಲವು ಸೆಕೆಂಡು ಅದರ ಆರು ಪಟ್ಟು, ಅಂದರೆ ನೂರು ಆಂಪ್. 63 ಕೆವಿಎ ಟಿಸಿ ಮೇಲೆ ಐದು ಮೋಟರು ಒಟ್ಟಿಗೆ ಎದ್ದರೆ ಐನೂರು ಆಂಪ್. ಅದು ಕೊಡಬಲ್ಲದ್ದು 84. ವೋಲ್ಟೇಜ್ ಕುಸಿಯುತ್ತದೆ, ಮೋಟರುಗಳು ತಿರುಗಲಾರದೆ ಇನ್ನೂ ಎಳೆಯುತ್ತವೆ.

ಸ್ಟಾರ್ಟರ್ ಜೊತೆ ಟೈಮರ್ ಇಡಿಸಿ. ಒಬ್ಬರದು ಒಂದು ನಿಮಿಷಕ್ಕೆ, ಇನ್ನೊಬ್ಬರದು ಎರಡಕ್ಕೆ, ಹೀಗೆ. ದೊಡ್ಡ ಮೋಟರಿಗೆ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದ್ದರೆ ಶುರುವಿನ ಎಳೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊಳವೆ ಬಾವಿ ಇರುವ ಅಣ್ಣತಮ್ಮಂದಿರು ಒಂದು ಸಂಜೆ ಅರಳೀಕಟ್ಟೆಯಲ್ಲಿ ಕೂತು ಮಾತಾಡಿದರೆ ಮುಗಿಯುವ ಕೆಲಸ.

ಕಂಡೆನ್ಸರ್ ಹಾಕುವುದು ಒಳ್ಳೇದಾ ಕೆಟ್ಟದ್ದಾ?

ಎರಡು ಥರ ಇದೆ, ಜನ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ.

ಮೂರು ಫೇಸ್ ಇರುವಾಗ ಮೋಟರಿನ ಜೊತೆ ಇರುವ ಕಂಡೆನ್ಸರ್ ಒಳ್ಳೇದು. 5 ಹೆಚ್‌ಪಿಗೆ 2 ಕೆವಿಎಆರ್ (ಕಂಡೆನ್ಸರಿನ ಅಳತೆ), 10 ಹೆಚ್‌ಪಿಗೆ 4 ಕೆವಿಎಆರ್ ಹಾಕುವುದು ರೂಢಿ. ಅದೇ ನೀರಿಗೆ ಟಿಸಿಯಿಂದ ಕಮ್ಮಿ ಆಂಪ್ ಎಳೆಯುತ್ತದೆ.

ರಾತ್ರಿ ಸಿಂಗಲ್ ಫೇಸ್ ಇರುವಾಗ ಕಂಡೆನ್ಸರ್ ಹಾಕಿ ಮೂರು ಫೇಸಿನ ಮೋಟರು ಓಡಿಸುವುದು ಕೆಟ್ಟದ್ದು. ಎಲ್ಲಾ ಭಾರ ಟಿಸಿಯ ಒಂದೇ ಕಾಲಿನ ಮೇಲೆ ಬೀಳುತ್ತದೆ. ಶೆಡ್ಡಿನಲ್ಲಿ ಬಿಚ್ಚಿದಾಗ ಎರಡು ಕಾಲಿನ ಕಾಯಿಲ್ ಹೊಸದರ ಹಾಗಿದ್ದು ಒಂದು ಮಾತ್ರ ಇದ್ದಿಲಾಗಿದ್ದರೆ ನಾವು ಮೊದಲು ಅನುಮಾನ ಪಡುವುದು ಇದನ್ನೇ.

ಬಿಚ್ಚಿದ ಕೂಡಲೇ ಯಾಕೆ ಸುಟ್ಟಿದೆ ಅಂತ ಗೊತ್ತಾಗುತ್ತಾ?

ಬಹಳ ಸಲ ಗೊತ್ತಾಗುತ್ತದೆ. ಮೂರೂ ಕಾಲು ಒಂದೇ ಸಮ ಕಪ್ಪಾಗಿದ್ದರೆ ಲೋಡ್. ಹೆಚ್‌ಟಿ ಕಾಯಿಲಿನ ಲೈನ್ ಕಡೆಯ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಒಂದೇ ತೂತು, ಉಳಿದದ್ದೆಲ್ಲಾ ಚೆನ್ನಾಗಿದ್ದರೆ ಸಿಡಿಲು. ಯುಗಾದಿ ಆದ ಮೇಲೆ ಮಾವಿನ ಕಾಯಿ ಬಲಿಯುವ ಹೊತ್ತಿಗೆ ಶ್ರೀನಿವಾಸಪುರದ ಕಡೆಯಿಂದ ಇಂಥವು ಬರುತ್ತವೆ. ಕಾಯಿಲ್ ಸೊಟ್ಟಗಾಗಿ ಮೇಲಕ್ಕೋ ಕೆಳಕ್ಕೋ ಜರುಗಿದ್ದರೆ ಎಲ್‌ಟಿ ಲೈನ್ ಒಂದಕ್ಕೊಂದು ತಾಗಿದೆ, ಫ್ಯೂಸು ಹೋಗಬೇಕಾದಾಗ ಹೋಗಿಲ್ಲ. ತೊಟ್ಟಿಯ ತಳದಲ್ಲಿ ತುಕ್ಕು, ಕೆಸರಿನಂಥ ಮಡ್ಡಿ ಇದ್ದರೆ ನೀರು ಇಳಿದಿದೆ.

ಫ್ಯೂಸು ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಹಾಕಿದ್ದೇವೆ. ತಪ್ಪಾ?

ತಪ್ಪು. ಕೈ ಮುಗಿದು ಹೇಳುತ್ತೇನೆ, ಹಾಕಬೇಡಿ. ಲೈನಿನ ಅಲ್ಯೂಮಿನಿಯಂ ಎಳೆ ಬಿಚ್ಚಿ ಫ್ಯೂಸಿಗೆ ಕಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಫ್ಯೂಸು ಹೋದರೆ ಅರ್ಧ ಗಂಟೆಯ ಕೆಲಸ. ಅದು ಹೋಗದಿದ್ದರೆ ಕಾಯಿಲ್ ಹೋಗುತ್ತದೆ. ಇನ್ನೊಂದು ಮಾತು, ಫ್ಯೂಸು ಹಾಕಲು ರೈತರು ಕಂಬ ಹತ್ತಬೇಡಿ. ಟಿಸಿಯ ಸ್ವಿಚ್ಚು ಇಳಿಸಿದರೂ ಅದರ ಮೇಲಿನ ತಂತಿಯಲ್ಲಿ 11 ಸಾವಿರ ಇದ್ದೇ ಇರುತ್ತದೆ. ಕೆಳಗಡೆಯಿಂದ ಯಾರಾದರೂ ಜನರೇಟರ್ ಹಾಕಿದರೆ ಅದು ಟಿಸಿಯಲ್ಲಿ ಉಲ್ಟಾ ಏರಿ ಮೇಲೆ ಮತ್ತೆ 11 ಸಾವಿರ ಆಗಬಹುದು. ಲೈನ್‌ಮ್ಯಾನ್ ಕೂಡ ಲೈನ್ ಆಫ್ ಮಾಡಿಸಿ, ಭೂಮಿಗೆ ಸರಪಳಿ ಹಾಕಿಯೇ ಮುಟ್ಟಬೇಕು.

ಕೆಲವು ಮನೆಯಲ್ಲಿ ಬಲ್ಬು ಡಿಮ್, ಕೆಲವು ಮನೆಯಲ್ಲಿ ಟಿವಿ ಸುಟ್ಟುಹೋಯಿತು. ಟಿಸಿ ಕೆಟ್ಟಿದೆಯಾ?

ಟಿಸಿ ಅಲ್ಲ, ನ್ಯೂಟ್ರಲ್, ಅಂದರೆ ಮನೆಗಳಿಂದ ಕರೆಂಟು ಟಿಸಿಗೆ ವಾಪಸ್ ಹೋಗುವ ತಂತಿ, ಕಿತ್ತಿದೆ. ಇದನ್ನು ಮನೆಯ ಎಲ್ಲರೂ ತಿಳಿದಿರಬೇಕು. ನ್ಯೂಟ್ರಲ್ ತಂತಿ ಕಿತ್ತಾಗ ಎರಡು ಫೇಸಿನ ಮನೆಗಳು ಒಂದರ ಬೆನ್ನಿಗೆ ಒಂದು ಜೋಡಿಸಿದ ಹಾಗಾಗುತ್ತವೆ. ನಾನೂರು ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ. ಕಮ್ಮಿ ಲೋಡ್ ಇರುವ ಮನೆಗೆ ಜಾಸ್ತಿ ವೋಲ್ಟ್. ಅಂದರೆ ಒಂದು ಬಲ್ಬು, ಒಂದು ಟಿವಿ ಇರುವ ಬಡವರ ಮನೆಯದೇ ಮೊದಲು ಸುಡುವುದು. ಬಲ್ಬು ಇದ್ದಕ್ಕಿದ್ದ ಹಾಗೆ ತುಂಬಾ ಬೆಳ್ಳಗೆ ಉರಿದರೆ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ, ಆಮೇಲೆ ಫೋನ್ ಮಾಡಿ.

ಟಿಸಿ ಬುಡದಲ್ಲಿ ನೀರು ಹಾಕಬೇಕು ಅಂತಾರೆ. ನಿಜವಾ?

ನಿಜ, ಆದರೆ ಟಿಸಿ ಮೇಲಲ್ಲ, ಅರ್ತಿಂಗ್ ಗುಂಡಿಗೆ. ನ್ಯೂಟ್ರಲ್, ಟಿಸಿ ಬಾಡಿ, ಸಿಡಿಲು ತಡೆಯುವ ಅರೆಸ್ಟರ್, ಇವೆಲ್ಲಾ ಭೂಮಿಗೆ ಇಳಿಯಬೇಕು. ನಮ್ಮ ಕಡೆ ಕೆಂಪು ಮಣ್ಣು, ಕೆಳಗೆ ಬಂಡೆ. ಮಾರ್ಚ್ ಬರುವ ಹೊತ್ತಿಗೆ ಮಣ್ಣು ಇಟ್ಟಿಗೆಯ ಹಾಗೆ ಒಣಗಿರುತ್ತದೆ. ಒಣ ಮಣ್ಣಿಗೆ ಕರೆಂಟು ಇಳಿಯಲ್ಲ. ಅದೇ ಹೊತ್ತಿಗೆ ಸಿಡಿಲಿನ ಮಳೆ ಶುರು. ಅರೆಸ್ಟರ್ ಹಿಡಿದ ಸಿಡಿಲಿಗೆ ಹೋಗಲು ದಾರಿ ಇಲ್ಲದಿದ್ದರೆ ಕಾಯಿಲಿಗೇ ನುಗ್ಗುತ್ತದೆ. ಹಾಗಾಗಿ ಉಪ್ಪು ಇದ್ದಿಲು ತುಂಬಿ, ತೇವ ಉಳಿಸುವುದು. ಇದನ್ನು ಲೈನ್‌ಮ್ಯಾನ್‌ಗೆ ಹೇಳಿ ಅವರ ಎದುರಿಗೇ ಮಾಡಿಸಿ. ಅರ್ತಿಂಗ್ ತಂತಿ ಕಿತ್ತಿದ್ದರೆ, ಕಂಬ ಮುಟ್ಟಿದರೆ ಜುಮ್ ಅಂದರೆ, ಹತ್ತಿರ ಹೋಗಬೇಡಿ. ದನವನ್ನು ಟಿಸಿ ಕಂಬಕ್ಕೆ ಕಟ್ಟುವುದು ಬೇಡವೇ ಬೇಡ.

ಗುಂಯ್ ಅನ್ನುವ ಶಬ್ದ ಅಪಾಯವಾ?

ಒಂದೇ ಸಮ ಗುಂಯ್ ಅಂದರೆ ಅಪಾಯ ಇಲ್ಲ. ಕೋರಿನ ತಗಡು ಕಾಂತಶಕ್ತಿಗೆ ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುತ್ತದೆ, ಅದರ ಸದ್ದು. ಚಟಚಟ, ಪಟಪಟ ಅಂದರೆ, ಅಥವಾ ಒಳಗೆ ಎಣ್ಣೆ ಕುದಿಯುವ ಸದ್ದು ಬಂದರೆ ಅಪಾಯ.

ಎಣ್ಣೆ ಯಾಕೆ? ಕಮ್ಮಿಯಾದರೆ ಏನಾಗುತ್ತೆ?

ಕಾಯಿಲಿನ ಬಿಸಿಯನ್ನು ತೊಟ್ಟಿಯ ರೆಕ್ಕೆಗಳಿಗೆ ಒಯ್ದು ಗಾಳಿಗೆ ಬಿಡುವುದು ಎಣ್ಣೆಯೇ. 11 ಸಾವಿರ ವೋಲ್ಟ್ ಕಿಡಿಯಾಗಿ ಹಾರದ ಹಾಗೆ ತಡೆಯುವುದೂ ಅದೇ. ಎಣ್ಣೆ ಚೆನ್ನಾಗಿದೆಯಾ ಅಂತ ನೋಡಲು ಎರಡು ಲೋಹದ ಗುಂಡುಗಳನ್ನು 2.5 ಮಿಲಿಮೀಟರ್ ಅಂತರದಲ್ಲಿ ಎಣ್ಣೆಯಲ್ಲಿ ಮುಳುಗಿಸಿ ವೋಲ್ಟೇಜ್ ಏರಿಸುತ್ತೇವೆ. 30 ಸಾವಿರ ವೋಲ್ಟಿಗೂ ಮೊದಲೇ ಕಿಡಿ ಹಾರಿದರೆ ಆ ಎಣ್ಣೆ ಶುದ್ಧ ಮಾಡಬೇಕು. ಸ್ವಲ್ಪವೇ ತೇವ ಸೇರಿದರೂ ಈ ಲೆಕ್ಕ ಬಿದ್ದುಹೋಗುತ್ತದೆ.

ಉಸಿರಾಡುವ ಡಬ್ಬಿ (ಟಿಸಿಗೆ ಹೋಗುವ ಗಾಳಿಯ ತೇವ ಹೀರುವ ಡಬ್ಬಿ) ಇರುವ ಟಿಸಿಯಲ್ಲಿ ನೀಲಿ ಹರಳು ಕಾಣುತ್ತದೆ. ಅದು ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ತೇವ ಹೀರಿ ಹೊಟ್ಟೆ ತುಂಬಿದೆ, ಬದಲಿಸಬೇಕು. ಕೆಳಗೆ ನಿಂತೇ ನೋಡಬಹುದು.

ಎಣ್ಣೆ ಕದಿಯುವವರೂ ಇದ್ದಾರೆ. ರಾತ್ರಿ ವಾಲ್ವ್ ತಿರುಗಿಸಿ ಕ್ಯಾನಿಗೆ ಹಿಡಿಯುತ್ತಾರೆ. ಬೆಳಿಗ್ಗೆ ಮೋಟರು ಹಾಕಿದ ಕೂಡಲೇ ಒಣಗಿದ ಕಾಯಿಲ್ ಸಿಡಿಯುತ್ತದೆ. ಕೆಲವು ಸಾವಿರ ರೂಪಾಯಿಯ ಎಣ್ಣೆಗೆ ಒಂದು ಊರಿನ ಬೆಳೆ ಒಣಗುತ್ತದೆ. ಟಿಸಿ ಬುಡದಲ್ಲಿ ಎಣ್ಣೆಯ ಕಲೆ ಕಂಡರೆ ಮೋಟರು ಹಾಕುವ ಮೊದಲು ಹೇಳಿ.

ನಾವು ಊರಿನವರು ಏನು ನೋಡಿಕೊಳ್ಳಬಹುದು?

ಮುಟ್ಟದೆ ನೋಡಿ, ನೋಡಿದ್ದನ್ನು ಹೇಳಿ. ಬಳ್ಳಿ ಹತ್ತಿದೆಯಾ, ತೆಂಗಿನ ಗರಿ ಲೈನಿಗೆ ತಾಗುತ್ತಿದೆಯಾ (ತಿಪಟೂರು ಕಡೆ ಇದೇ ದೊಡ್ಡ ಕಾಟ), ತಂತಿ ಟಿಸಿ ಒಳಗೆ ಹೋಗುವ ಜಾಗದ ಪಿಂಗಾಣಿ ಬುಶಿಂಗ್ ಸೀಳಿದೆಯಾ, ಜೋಡಣೆಯ ಜಾಗದಲ್ಲಿ ರಾತ್ರಿ ಕೆಂಪಗೆ ಕಾಣುತ್ತಾ. ಅಳಿಲು, ಹಾವು ಹತ್ತಿ ಸುಟ್ಟ ಟಿಸಿಗಳೂ ಉಂಟು. ಎಣ್ಣೆ ತುಂಬುವುದು, ಬೋಲ್ಟ್ ಬಿಗಿ ಮಾಡುವುದು, ಮೂರು ಫೇಸಿನ ಲೋಡ್ ಸಮ ಮಾಡುವುದು ಬೆಸ್ಕಾಂನವರ ಕೆಲಸ.

ಟಿಸಿ ಸುಟ್ಟರೆ ಎಷ್ಟು ದಿನದಲ್ಲಿ ಕೊಡಬೇಕು?

ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಯಮದಲ್ಲಿ ಪಟ್ಟಣಕ್ಕೆ 24 ಗಂಟೆ, ಹಳ್ಳಿಗೆ 72 ಗಂಟೆ. 1912ಕ್ಕೆ ಫೋನ್ ಮಾಡಿ. ನಿಮ್ಮ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ನಂಬರ್), ಟಿಸಿ ಮೇಲೆ ಬರೆದ ನಂಬರ್, ಎಷ್ಟು ಕೆವಿಎ ಅನ್ನುವುದನ್ನು ಹೇಳಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಗಂಟೆಯ ಲೆಕ್ಕ ಶುರುವಾಗುವುದು ಅಲ್ಲಿಂದ. ಈ ಎರಡು ನಂಬರನ್ನೂ ಕೆವಿಎಯನ್ನೂ ಈಗಲೇ ಒಂದು ಚೀಟಿಯಲ್ಲಿ ಬರೆದು ಸ್ಟಾರ್ಟರ್ ಪೆಟ್ಟಿಗೆಯ ಒಳಗೆ ಅಂಟಿಸಿ. ಬೆಳೆ ಒಣಗುವಾಗ ಟಿಸಿ ನಂಬರ್ ಹುಡುಕುವುದು ಕಷ್ಟ.

ಹೊಸ ಟಿಸಿ ಬಂದ ದಿನ ಏನು ಮಾಡಬೇಕು?

ಬರುವ ಮೊದಲೇ ಎಲ್ಲಾ ಆಟೋ ಸ್ಟಾರ್ಟರ್ ಆಫ್ ಮಾಡಿ. ಹಳೇದು ಯಾಕೆ ಹೋಯಿತು ಅಂತ ಲೈನ್‌ಮ್ಯಾನ್ ಜೊತೆ ಲೈನ್ ಉದ್ದಕ್ಕೂ ನಡೆದು ನೋಡಿ. ತಾಗುವ ತಂತಿ ಹಾಗೇ ಉಳಿದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಚಾರ್ಜ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಲೋಡ್ ಇಲ್ಲದೆ ಬಿಡಿ, ಶಬ್ದ ಕೇಳಿ, ಮೂರೂ ಫೇಸ್ ಸಮ ಬರುತ್ತಿದೆಯಾ ನೋಡಿಸಿ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಮೋಟರು ಹಾಕಿ. ಬೆಳೆ ತೀರಾ ಬಾಡಿರುವವರದು ಮೊದಲು.